ಬೀಜ ಬರಲಿ, ಗೋಡಂಬಿ ಬೇಡ: ಇದಕ್ಕೆ ನಾವಿಟ್ಟ ಹೆಸರು ಸಹಕಾರ

ಭಾಗ 1/8

ಮೊನ್ನೆ ಸ್ಟೋರಿಯಲ್ಲಿ ಒಂದೇ ಒಂದು ಸಾಲು ಹಾಕಿದ್ದೆ: "ಬೆನಿನ್ ಮಾಡಿದ್ದು ಸರಿ." ಅಷ್ಟಕ್ಕೇ ಇನ್‌ಬಾಕ್ಸ್ ತುಂಬಿ ಹೋಯ್ತು. ನಮ್ಮ ಕ್ಲಾಸಿನವರೇ ಮೂರು ಜನ ಬೈದ್ರು. ಒಬ್ಬ ಅಂತೂ "ನೀನು ಮಂಗಳೂರಿನವಳಾ, ಆಫ್ರಿಕಾದವಳಾ?" ಅಂತ ಕೇಳಿದ. ಸ್ಟೋರಿ 24 ಗಂಟೆಗೆ ಅಳಿಸಿ ಹೋಗ್ತದೆ, ಬೈಗುಳ ಮಾತ್ರ ಉಳೀತದೆ. ಹಾಗಾಗಿ ಈ ಸಲ ಪೋಸ್ಟ್, ಅದೂ ಎಂಟು ಭಾಗ. ಉದ್ದ ಉಂಟು ಮಾರಾಯ್ರೆ, ಚಾ ಹಿಡ್ಕೊಂಡು ಕೂತ್ಕೊಳ್ಳಿ.

ವಿಷಯ ಗೊತ್ತಿಲ್ಲದವರಿಗೆ: ಬೆನಿನ್ ಪಶ್ಚಿಮ ಆಫ್ರಿಕಾದ ಒಂದು ಚಿಕ್ಕ ದೇಶ. ಹತ್ತಿ, ಗೇರುಬೀಜ ಅದರ ಮುಖ್ಯ ರಫ್ತು. 2024ರ ಏಪ್ರಿಲ್ 1ರಿಂದ ಕಚ್ಚಾ ಗೇರುಬೀಜ ದೇಶದ ಹೊರಗೆ ಹೋಗುವ ಹಾಗಿಲ್ಲ ಅಂತ ಅಲ್ಲಿನ ಸರ್ಕಾರ ನಿರ್ಧಾರ ಮಾಡಿತು. ಬೇಕಾದರೆ ನಾವೇ ಒಡೆದು, ಸಿಪ್ಪೆ ತೆಗೆದು, ಗೋಡಂಬಿ ಮಾಡಿ ಕಳಿಸ್ತೇವೆ, ತಗೊಳ್ಳಿ ಅಂತ.

ಇದರಿಂದ ನಮ್ಮೂರಿಗೆ ಎಂತ ಆಯ್ತು? ಮಂಗಳೂರು, ಕಾರ್ಕಳ, ಕುಂದಾಪುರ, ಪುತ್ತೂರು ಕಡೆಯ ಕಾರ್ಖಾನೆಗಳಿಗೆ ಬೀಜ ಕೊಡುತ್ತಿದ್ದ ದೇಶಗಳಲ್ಲಿ ಬೆನಿನ್ ಕೂಡ ಒಂದು. ಅಲ್ಲಿ ಬಾಗಿಲು ಹಾಕಿದ್ರೆ ಇಲ್ಲಿ ಬಿಸಿ ತಟ್ಟದೇ ಇರ್ತದಾ? ತಟ್ಟಿತು. ಅದನ್ನು ನಾನು ಅಲ್ಲಗಳೆಯೋದಿಲ್ಲ.

ಆದರೆ "ಬೆನಿನ್ ನಮಗೆ ಮೋಸ ಮಾಡಿತು" ಅನ್ನೋ ಮಾತು ಉಂಟಲ್ಲ, ಅದನ್ನು ಮಾತ್ರ ನಾನು ಒಪ್ಪಲ್ಲ. ಯಾಕೆ ಅಂತ ಹೇಳ್ತೇನೆ.

ಭಾಗ 2/8

(ಫೋಟೋದಲ್ಲಿರೋದು 80 ಕೆಜಿಯ ಗೋಣಿ ಚೀಲ. ಈ ವ್ಯಾಪಾರದಲ್ಲಿ ಬೀಜದ ಗುಣಮಟ್ಟ ಅಳೆಯೋದು ಇದೇ ಲೆಕ್ಕದಲ್ಲಿ, ಒಂದು ಚೀಲಕ್ಕೆ ಎಷ್ಟು ಪೌಂಡ್ ತಿರುಳು ಬಂತು ಅಂತ.)

ಗೇರು ನಮ್ಮ ಮರವೂ ಅಲ್ಲ, ಆಫ್ರಿಕಾದ ಮರವೂ ಅಲ್ಲ. ಬ್ರೆಜಿಲ್‌ನದ್ದು. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಪಶ್ಚಿಮ ಕರಾವಳಿಗೂ ತಂದರು, ಮೊಜಾಂಬಿಕ್‌ಗೂ ತಂದರು. ಅಂದರೆ ನಾವಿಬ್ಬರೂ ಒಂದೇ ಹಡಗಿನವರ ಕೈಯಿಂದ ಒಂದೇ ಮರ ಪಡೆದವರು. ಮುಂದೆ ದಾರಿ ಬೇರೆ ಆಯ್ತು. 20ನೇ ಶತಮಾನದಲ್ಲಿ ಕೊಲ್ಲಂ, ಮಂಗಳೂರುಗಳಲ್ಲಿ ಕಾರ್ಖಾನೆ ಬಂತು. ಆಫ್ರಿಕಾದಲ್ಲಿ ಮರ ಮಾತ್ರ ಉಳಿಯಿತು.

ಈಗ ಜಗತ್ತಿನ ಕಚ್ಚಾ ಗೇರುಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ಆಫ್ರಿಕಾದ್ದು. ಐವರಿ ಕೋಸ್ಟ್ ಒಂದೇ ಎಲ್ಲರಿಗಿಂತ ಹೆಚ್ಚು ಬೆಳೆಯುತ್ತದೆ. ಅದರ ಬಹುಪಾಲು ಒಡೆಯದೇ ಹಡಗು ಹತ್ತುತ್ತದೆ. ವಿಯೆಟ್ನಾಂಗೆ ಹೋಗ್ತದೆ, ಇಲ್ಲಾ ನಮ್ಮಲ್ಲಿಗೆ ಬರ್ತದೆ. ನಮ್ಮ ತೋಟಗಳ ಬೀಜ ನಮ್ಮ ಕಾರ್ಖಾನೆಗಳಿಗೆ ಸಾಲೋದಿಲ್ಲ, ಅರ್ಧದಷ್ಟಾದರೂ ಹೊರಗಿಂದಲೇ ಬರಬೇಕು. ನಮ್ಮ ಕಡೆ ಬೀಜ ಆಗೋದು ಫೆಬ್ರವರಿಯಿಂದ ಮೇವರೆಗೆ. ತಾಂಜಾನಿಯಾ, ಮೊಜಾಂಬಿಕ್‌ಗಳಲ್ಲಿ ಆಗೋದು ಅಕ್ಟೋಬರ್ ನಂತರ. ನಮ್ಮ ಗೋದಾಮು ಖಾಲಿ ಆಗುವ ಹೊತ್ತಿಗೆ ಅಲ್ಲಿ ಕೊಯ್ಲು. ಇಲ್ಲಿನ ಹೆಂಗಸರಿಗೆ ವರ್ಷವಿಡೀ ಕೆಲಸ ಸಿಗುವುದರ ಹಿಂದೆ ಈ ಋತುಗಳ ಹೊಂದಾಣಿಕೆ ಉಂಟು. ನೋಡಿ, ಸಹಕಾರಕ್ಕೆ ಇದಕ್ಕಿಂತ ಒಳ್ಳೆ ಜೋಡಿ ಎಲ್ಲಿ ಸಿಗ್ತದೆ?

ಇನ್ನೊಂದು ಲೆಕ್ಕ. ಒಂದು ಕಿಲೋ ಗೋಡಂಬಿಗೆ ಹತ್ತಿರ ಹತ್ತಿರ ನಾಲ್ಕು ಕಿಲೋ ಬೀಜ ಬೇಕು. ಮಿಕ್ಕಿದ್ದು ಚಿಪ್ಪು, ಸಿಪ್ಪೆ, ತೇವ. ಅಂದರೆ ಕೊಟೊನು ಬಂದರಿನಿಂದ ನಮ್ಮ ಬಂದರಿಗೆ ಬರುವ ಸರಕಿನಲ್ಲಿ ಮುಕ್ಕಾಲು ಪಾಲು ತಿನ್ನುವ ವಸ್ತುವೇ ಅಲ್ಲ. ಆಮೇಲೆ ಅದರ ತಿರುಳಿನಲ್ಲಿ ಒಂದಷ್ಟು ವಾಪಸ್ ಹಡಗು ಹತ್ತಿ ಯುರೋಪಿಗೆ ಹೋಗ್ತದೆ, ಆಫ್ರಿಕಾದ ಮಗ್ಗುಲಲ್ಲೇ ಹಾದು. ಇದಕ್ಕೆ ತುಳುವಿನಲ್ಲಿ ಒಂದು ಒಳ್ಳೆ ಬೈಗುಳ ಉಂಟು, ಇಲ್ಲಿ ಬರೆಯಲ್ಲ.

ಭಾಗ 3/8

ಈಗ ಭಾಷಣ ನೋಡುವ.

1955ರಲ್ಲಿ ಬಾಂಡುಂಗ್‌ನಲ್ಲಿ ಏಷ್ಯಾ, ಆಫ್ರಿಕಾದ 29 ದೇಶಗಳು ಕೂತವು. ನೆಹರೂ ಅಲ್ಲಿದ್ದರು. ನಾವು ನಾವು ವ್ಯಾಪಾರ ಮಾಡುವ, ಹಳೇ ದೊರೆಗಳನ್ನು ನಂಬಿ ಕೂರೋದು ಬೇಡ ಅಂತ ಮಾತಾಯ್ತು. 2008ರಲ್ಲಿ ದೆಹಲಿಯಲ್ಲಿ ಮೊದಲ ಭಾರತ–ಆಫ್ರಿಕಾ ಶೃಂಗಸಭೆ, ಅತಿ ಬಡ ದೇಶಗಳಿಗೆ ಸುಂಕದಲ್ಲಿ ರಿಯಾಯಿತಿ ಘೋಷಣೆ. 2023ರ ಸೆಪ್ಟೆಂಬರ್‌ನಲ್ಲಿ ಅದೇ ದೆಹಲಿಯಲ್ಲಿ ಆಫ್ರಿಕನ್ ಒಕ್ಕೂಟಕ್ಕೆ ಜಿ20ಯಲ್ಲಿ ಕಾಯಂ ಕುರ್ಚಿ. ಅಪ್ಪಿಕೊಂಡ ಫೋಟೋ ನಿಮ್ಮ ಫೀಡ್‌ನಲ್ಲೂ ಬಂದಿರ್ತದೆ. ಒಳ್ಳೆ ಕೆಲಸ, ನಾನೂ ಲೈಕ್ ಹಾಕಿದ್ದೆ.

ಈಗ ಬಜೆಟ್ ಪುಸ್ತಕ ತೆಗೀರಿ.

2018ರ ಬಜೆಟ್‌ನಲ್ಲಿ ಕಚ್ಚಾ ಗೇರುಬೀಜದ ಆಮದು ಸುಂಕ ಶೇ 5ರಿಂದ ಶೇ 2.5ಕ್ಕೆ ಇಳಿಯಿತು. 2019ರ ಜುಲೈ ಬಜೆಟ್‌ನಲ್ಲಿ ಗೋಡಂಬಿಯ ಸುಂಕ ಶೇ 45ರಿಂದ ಶೇ 70ಕ್ಕೆ ಏರಿತು. ಇನ್ನೊಮ್ಮೆ ಓದಿ. ನೂರು ರೂಪಾಯಿಯ ಬೀಜ ತಂದರೆ ಎರಡೂವರೆ ರೂಪಾಯಿ. ಅದೇ ಬೀಜವನ್ನು ಅಲ್ಲಿಯ ಹೆಂಗಸರು ಒಡೆದು ಕೊಟ್ಟರೆ, ನೂರಕ್ಕೆ ಎಪ್ಪತ್ತು.

ಅದೂ ಸಾಲದು ಅಂತ 2019ರಲ್ಲೇ ಕನಿಷ್ಠ ಆಮದು ಬೆಲೆ ಬೇರೆ ಹಾಕಿದರು. ಇಡೀ ಗೋಡಂಬಿ ಕಿಲೋಗೆ 720 ರೂಪಾಯಿ, ತುಂಡು 680. ಅದಕ್ಕಿಂತ ಕಡಿಮೆ ಬೆಲೆಯದ್ದು ಒಳಗೆ ಬರುವ ಹಾಗಿಲ್ಲ.

"ಅದು ವಿಯೆಟ್ನಾಂ ಮಾಲು ತಡೆಯಲಿಕ್ಕೆ ಕಟ್ಟಿದ ಗೋಡೆ" ಅಂತ ಒಬ್ಬರು ಮೆಸೇಜ್ ಮಾಡಿದ್ರು. ಹೌದು, ಅದೂ ಒಂದು ಕಾರಣ. ದನದ ಆಹಾರ ಅಂತ ಬರೆಸಿ ಗೋಡಂಬಿ ತುಂಡು ತರ್ತಾರೆ ಅಂತ ಇಲ್ಲಿನ ಉದ್ಯಮದವರು ದೂರು ಕೊಟ್ಟದ್ದೂ ಹೌದು. ಆದ್ರೆ ವಿಯೆಟ್ನಾಂಗೆ ಅಂತ ಕಟ್ಟಿದ ಗೋಡೆ ಐವರಿ ಕೋಸ್ಟ್‌ಗೂ ಅಷ್ಟೇ ಎತ್ತರ. ಘಾನಾಕ್ಕೂ, ನೈಜೀರಿಯಾಕ್ಕೂ ಅಷ್ಟೇ. ಅವು ಅತಿ ಬಡ ದೇಶಗಳ ಪಟ್ಟಿಯಲ್ಲಿ ಇಲ್ಲ, ಆ 2008ರ ರಿಯಾಯಿತಿ ಅವಕ್ಕೆ ಸಿಗೋದೇ ಇಲ್ಲ.

ಕುರ್ಚಿ ಕೊಟ್ಟೆವು. ಊಟಕ್ಕೆ ಮಾತ್ರ ನೀನೇ ಅಕ್ಕಿ ತಾ, ಅನ್ನ ನಾವೇ ಮಾಡಿಕೊಳ್ತೇವೆ, ನಿನ್ನ ಅನ್ನ ಬೇಡ ಅಂದೆವು.

ಭಾಗ 4/8

ಇದು ಚಿಕ್ಕದು.

ಕಚ್ಚಾ ಮಾಲಿಗೆ ಬಾಗಿಲು ತೆರೆದಿಡು, ತಯಾರಾದ ಮಾಲಿಗೆ ಬಾಗಿಲು ಹಾಕು. ಈ ಆಟ ನಾವು ಎಲ್ಲೋ ನೋಡಿದ ಹಾಗೆ ಇಲ್ವಾ? ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದಲ್ಲಿ ಓದಿ ಬರೆದು ಮಾರ್ಕ್ಸ್ ತಗೊಂಡಿದ್ದೇವೆ. 19ನೇ ಶತಮಾನದ ಆರಂಭದಲ್ಲಿ ಬ್ರಿಟನ್ ನಮ್ಮ ಬಟ್ಟೆಗೆ ಭಾರೀ ಸುಂಕ ಹಾಕಿತು, ನಮ್ಮ ಹತ್ತಿಯನ್ನು ಮಾತ್ರ ಎರಡೂ ಕೈಯಲ್ಲಿ ತಗೊಂಡಿತು. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆಗಿ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಮ್ಯಾಂಚೆಸ್ಟರ್‌ನವರು ಮುಗಿಬಿದ್ದರು. ಕಾರವಾರ ಬಂದರಿನ ಬಗ್ಗೆ ಅವರಿಗೆ ದಿಢೀರ್ ಪ್ರೀತಿ ಹುಟ್ಟಿದ್ದೂ ಆಗಲೇ. ಧಾರವಾಡದ ನೇಕಾರನ ಬಗ್ಗೆ ಆ ಪ್ರೀತಿ ಇರಲಿಲ್ಲ.

ಅದನ್ನು ಓದುವಾಗ ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಸಿಟ್ಟು ಬಂದಿತ್ತು. ಈಗ ನಾವು ಕೌಂಟರಿನ ಆಚೆ ಬದಿಯಲ್ಲಿ ಕೂತಿದ್ದೇವೆ, ಸಿಟ್ಟು ಎಲ್ಲಿ ಹೋಯ್ತು?

(ಕಮೆಂಟಿಗೆ ಮುಂಗಡ ಉತ್ತರ: ಹೌದು, ನಾವು ಆಫ್ರಿಕಾವನ್ನು ಆಳುತ್ತಿಲ್ಲ. ಬ್ರಿಟನ್‌ಗೂ ನಮಗೂ ಆ ವ್ಯತ್ಯಾಸ ದೊಡ್ಡದು. ಸುಂಕದ ಪಟ್ಟಿಯಲ್ಲಿ ಮಾತ್ರ ಅದು ಕಾಣೋದಿಲ್ಲ.)

ಭಾಗ 5/8

ಈ ಭಾಗ ದಯವಿಟ್ಟು ಸ್ಕಿಪ್ ಮಾಡಬೇಡಿ. ಇಡೀ ಸರಣಿಯಲ್ಲಿ ಇದೊಂದು ಓದಿದ್ರೂ ಸಾಕು.

1970ರ ದಶಕದ ಆರಂಭದಲ್ಲಿ ಮೊಜಾಂಬಿಕ್ ವರ್ಷಕ್ಕೆ 2 ಲಕ್ಷ ಟನ್‌ಗೂ ಹೆಚ್ಚು ಗೇರುಬೀಜ ಬೆಳೀತಿತ್ತು. ಆಗ ಜಗತ್ತಿನಲ್ಲೇ ಅದು ಮೊದಲು. 1975ರಲ್ಲಿ ಸ್ವಾತಂತ್ರ್ಯ ಬಂತು. ಕಚ್ಚಾ ಬೀಜ ಹೊರಗೆ ಹೋಗಬಾರದು, ಇಲ್ಲೇ ಸಂಸ್ಕರಣೆ ಆಗಬೇಕು ಅಂತ ರಫ್ತು ನಿಷೇಧಿಸಿದರು. ಆಮೇಲೆ ಭೀಕರ ಅಂತರ್ಯುದ್ಧ, 1992ರವರೆಗೆ. ತೋಟ ಹಾಳು, ರಸ್ತೆ ಹಾಳು. ಹಾಗಿದ್ದೂ ಕಾರ್ಖಾನೆಗಳು ಉಳಿದವು. ನಿಷೇಧ ತೆಗೆದು ಅದರ ಜಾಗಕ್ಕೆ ಕಚ್ಚಾ ಬೀಜದ ಮೇಲೆ ರಫ್ತು ತೆರಿಗೆ ಇಟ್ಟರು.

1995ರ ಹೊತ್ತಿಗೆ ವಿಶ್ವಬ್ಯಾಂಕ್ ಬಂತು. ಸಾಲ ಬೇಕಾದರೆ ಆ ತೆರಿಗೆ ಇಳಿಸಿ ಅಂತ ಷರತ್ತು ಹಾಕಿತು. ರಫ್ತು ಮುಕ್ತವಾದರೆ ರೈತನಿಗೆ ಒಳ್ಳೆ ಬೆಲೆ ಸಿಗ್ತದೆ ಅನ್ನೋದು ಅವರ ವಾದ. ಪುಸ್ತಕದಲ್ಲಿ ಸರಿ ಕಾಣುವ ವಾದ. ತೆರಿಗೆ ಇಳಿಯಿತು. ಬೀಜ ಹಡಗು ಹತ್ತಿತು. ಹೋದದ್ದು ಎಲ್ಲಿಗೆ? ಹೆಚ್ಚಿನದ್ದು ನಮ್ಮಲ್ಲಿಗೆ, ಭಾರತಕ್ಕೆ.

ಕೆಲವೇ ವರ್ಷದಲ್ಲಿ ಅಲ್ಲಿನ ದೊಡ್ಡ ಕಾರ್ಖಾನೆಗಳು ಒಂದರ ಹಿಂದೊಂದು ಮುಚ್ಚಿದವು. ಸುಮಾರು 10 ಸಾವಿರ ಜನ ಕೆಲಸ ಮಾಡ್ತಿದ್ದ ಉದ್ಯಮ. ಹೆಚ್ಚಿನವರು ಮನೆಗೆ ಹೋದರು, ಅವರಲ್ಲಿ ಬಹಳ ಹೆಂಗಸರು.

ರೈತನಿಗಾದರೂ ಸಿಕ್ಕಿತಾ? ಮಾರ್ಗರೆಟ್ ಮ್ಯಾಕ್‌ಮಿಲನ್, ಡ್ಯಾನಿ ರಾಡ್ರಿಕ್, ಕರೆನ್ ವೆಲ್ಚ್ ಅನ್ನುವ ಅರ್ಥಶಾಸ್ತ್ರಜ್ಞರು 2002ರಲ್ಲಿ ಇದರ ಲೆಕ್ಕ ಹಾಕಿದರು. ಗೇರು ಬೆಳೆಯುವ ಒಂದು ಸರಾಸರಿ ಕುಟುಂಬಕ್ಕೆ ಈ ಸುಧಾರಣೆಯಿಂದ ಸಿಕ್ಕ ಹೆಚ್ಚುವರಿ ಆದಾಯ ವರ್ಷಕ್ಕೆ ಹೆಚ್ಚೆಂದರೆ 5.30 ಡಾಲರ್. ತಿಂಗಳಿಗಲ್ಲ, ವರ್ಷಕ್ಕೆ! ಉಳಿದ ಲಾಭದಲ್ಲಿ ದೊಡ್ಡ ಪಾಲು ನಡುವಿನ ವ್ಯಾಪಾರಿಗಳ ಕೈ ಸೇರಿತು. 1999ರಲ್ಲಿ ಮೊಜಾಂಬಿಕ್ ಸಂಸತ್ತು ಮತ್ತೆ ಶೇ 18ರಿಂದ 22ರವರೆಗೆ ರಫ್ತು ತೆರಿಗೆ ಹಾಕಲು ಕಾನೂನು ಮಾಡಿತು. ಅಷ್ಟರಲ್ಲಿ ಯಂತ್ರಗಳಿಗೆ ತುಕ್ಕು ಹಿಡಿದಾಗಿತ್ತು.

ಈ ಕಥೆಯಲ್ಲಿ ವಿಲನ್ ಯಾರು ಅಂದರೆ ಎಲ್ಲರೂ ವಿಶ್ವಬ್ಯಾಂಕ್ ಅಂತಾರೆ. ಬೈಯಲಿಕ್ಕೆ ಸುಲಭ, ದೂರದಲ್ಲಿದೆ. ಆದರೆ ಬೀಜ ಕೊಂಡವರು ಯಾರು? ಆಗ ನಮ್ಮಲ್ಲಿ ಒಬ್ಬರಾದರೂ "ಇದೇನು ಬಾಂಡುಂಗ್ ಸ್ನೇಹವಾ?" ಅಂತ ಕೇಳಿದ್ರಾ? ಬೀಜ ಅಗ್ಗಕ್ಕೆ ಬಂತು, ನಾವು ಸುಮ್ಮನೆ ಒಡೆದೆವು.

ಬೆನಿನ್‌ನವರು ಈ ಕಥೆ ಓದಿಯೇ ನಿಷೇಧ ಹಾಕಿದ್ರಾ ನಂಗೆ ಗೊತ್ತಿಲ್ಲ. ಓದಿದ್ದರೆ ನಾನಂತೂ ಅವರನ್ನು ಬೈಯಲ್ಲ.

ಭಾಗ 6/8

(ಫೋಟೋ: ಕ್ಯಾಂಪ್ಕೋ ಚಾಕಲೇಟ್. ನಾಚಿಕೆ ಇಲ್ಲದೆ ಅರ್ಧ ತಿಂದು ತೆಗೆದದ್ದು.)

ಇದು ನಮ್ಮ ಜಿಲ್ಲೆಯವರಿಗೆ ವಿಶೇಷ.

1970ರ ದಶಕದಲ್ಲಿ ನಮ್ಮ ಅಡಿಕೆ ತೋಟಗಳಲ್ಲಿ ಕೊಕ್ಕೊ ಹಾಕಿಸಿದರು. ಹಾಕಿ ಹಾಕಿ ಅಂದರು, ಹಾಕಿದೆವು. 1980ರ ಹೊತ್ತಿಗೆ ಬೆಲೆ ಬಿತ್ತು, ಕೊಳ್ಳುವವರು ಹಿಂದೆ ಸರಿದರು. ಬೀಜ ಅಂಗಳದಲ್ಲಿ ರಾಶಿ. ನಿಮ್ಮ ಮನೆಯ ಅಜ್ಜನ ಹತ್ತಿರ ಕೇಳಿ, ಗಿಡ ಕಡಿದವರ ಕಥೆ ಹೇಳ್ತಾರೆ.

ಆಗ ಕ್ಯಾಂಪ್ಕೋ, ಅಂದರೆ ರೈತರದ್ದೇ ಸಹಕಾರಿ ಸಂಸ್ಥೆ, ಕೊಕ್ಕೊ ಖರೀದಿಗೆ ಇಳಿಯಿತು. ಬರೀ ಕೊಂಡು ಮಾರಿದರೆ ಇದೇ ಗತಿ ಅಂತ 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕಲೇಟ್ ಕಾರ್ಖಾನೆಯನ್ನೇ ಕಟ್ಟಿತು. ನಮ್ಮ ಊರಲ್ಲಿ ಇದನ್ನು ಈಗಲೂ ಎದೆ ಉಬ್ಬಿಸಿ ಹೇಳ್ತೇವೆ. ಹೇಳಬೇಕಾದ್ದೇ. ಬೀಜ ಮಾರುವವನು ಯಾವತ್ತೂ ಬೇರೆಯವರ ಬೆಲೆಗೆ ಕಾಯಬೇಕು, ಚಾಕಲೇಟ್ ಮಾಡುವವನು ಸ್ವಲ್ಪವಾದರೂ ತನ್ನ ಬೆಲೆ ಹೇಳಬಹುದು. ಇದು ಪುತ್ತೂರಿನ ರೈತರಿಗೆ ಸುಮಾರು 40 ವರ್ಷ ಹಿಂದೆಯೇ ಅರ್ಥ ಆಗಿತ್ತು.

ಅದೇ ಕೆಲಸ ಬೆನಿನ್ ಮಾಡಿದರೆ ಮೋಸ ಹೇಗಾಗ್ತದೆ ಹೇಳಿ? ನಾವು ಮಾಡಿದ್ರೆ ಸಾಧನೆ, ಅವರು ಮಾಡಿದ್ರೆ ಬ್ಯಾನ್. ಚೆನ್ನಾಗುಂಟು ನ್ಯಾಯ.

ಒಂದು ವ್ಯತ್ಯಾಸ ಉಂಟು, ಅದನ್ನೂ ಹೇಳ್ತೇನೆ, ಇಲ್ಲದಿದ್ದರೆ ನೀವೇ ಹಿಡೀತೀರಿ. ಕ್ಯಾಂಪ್ಕೋ ರೈತರ ಸಂಸ್ಥೆ, ಅದು ಯಾರ ರಫ್ತನ್ನೂ ತಡೆಯಲಿಲ್ಲ. ಬೆನಿನ್‌ನಲ್ಲಿ ಮಾಡಿದ್ದು ಸರ್ಕಾರ, ಮೇಲಿಂದ. ರಫ್ತು ನಿಂತು, ಒಳಗಿನ ಕಾರ್ಖಾನೆಗಳು ಮಾತ್ರ ಕೊಳ್ಳುವವರಾದರೆ, ರೈತನ ಮುಂದೆ ಗಿರಾಕಿ ಕಡಿಮೆ. ಬೆಲೆ ಬೀಳುವ ಅಪಾಯ ನಿಜ. ತಾಂಜಾನಿಯಾದಲ್ಲಿ 2018ರಲ್ಲಿ ವ್ಯಾಪಾರಿಗಳು ಕಡಿಮೆ ಬೆಲೆ ಕೊಟ್ಟರು ಅಂತ ಅಧ್ಯಕ್ಷ ಮಗುಫುಲಿ ಸೈನ್ಯ ಕಳಿಸಿಯೇ ಕಿಲೋಗೆ 3,300 ಶಿಲ್ಲಿಂಗ್‌ನಂತೆ ಗೇರುಬೀಜ ಕೊಳ್ಳಿಸಿದರು. ಲಾರಿ ತುಂಬ ಸೈನಿಕರು, ಲಾರಿ ತುಂಬ ಬೀಜ. ಇಂಥ ಒರಟು ಹತಾರ ನನಗೂ ಇಷ್ಟ ಇಲ್ಲ. ಆದರೆ ಅವರಿಗೆ ನುಣುಪಾದ ಹತಾರ ಉಳಿಸಿದ್ದೇವಾ ನಾವು? ಗೋಡಂಬಿ ಮಾಡಿ ಮಾರುವ ಅಂದರೆ ಎದುರಿಗೆ ಶೇ 70ರ ಗೋಡೆ.

ಭಾಗ 7/8

ಈಗ ಕಷ್ಟದ ಪ್ರಶ್ನೆ. ನಮ್ಮ ಹೆಂಗಸರು?

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಹದಿನೆಂಟು ವರ್ಷದಿಂದ ಪೀಲಿಂಗ್. ಮೊದಲು ಕಟ್ಟಿಂಗ್‌ನಲ್ಲಿ ಇದ್ದರು, ಅಲ್ಲಿ ಚಿಪ್ಪಿನ ಎಣ್ಣೆ ಹತ್ತಿ ಬೆರಳೆಲ್ಲ ಕಪ್ಪಾಗಿ ಸುಲಿದು ಹೋಗ್ತಿತ್ತಂತೆ. ಬೂದಿ ಹಚ್ಚಿಕೊಂಡು ಒಡೆಯೋದು. ನನ್ನ ಸ್ಟೋರಿ ಅವರ ಮಗಳು ತೋರಿಸಿದಳು. ಅಕ್ಕ ಸಿಟ್ಟು ಮಾಡಲಿಲ್ಲ, ಒಂದೇ ಮಾತು ಕೇಳಿದ್ರು: "ಅಲ್ಲ ಮಗಾ, ಅಲ್ಲೇ ಸುಲಿದು ಕಳಿಸಿದ್ರೆ ನಾವೆಲ್ಲಿ ಹೋಗುದು?"

ಈ ಸರಣಿ ಬರೆಯುವಾಗ ನನಗೆ ನಿದ್ದೆ ಕೆಡಿಸಿದ ಪ್ರಶ್ನೆ ಇದೊಂದೇ. ಕ್ಲಾಸಿನವರ ಬೈಗುಳ ಅಲ್ಲ.

ನಾನು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತೇನೆ. ಅಕ್ಕ, ಗೋಡೆ ನಿಮ್ಮನ್ನು ಕಾಯ್ತಾ ಉಂಟು ಅಂತ ಎಲ್ಲರೂ ಹೇಳ್ತಾರೆ. ಕೊಲ್ಲಂ ನೋಡಿ. ಗೇರುಬೀಜದ ರಾಜಧಾನಿ ಅಂತ ಕರೀತಿದ್ದ ಊರು. ಆಮದು ಗೋಡಂಬಿಗೆ ಆಗಲೂ ಸುಂಕ ಇತ್ತು. ಹಾಗಿದ್ದೂ 2015ರ ನಂತರ ಅಲ್ಲಿ ನೂರಾರು ಕಾರ್ಖಾನೆ ಬಾಗಿಲು ಹಾಕಿದವು. 2019ರಲ್ಲಿ ಗೋಡೆ ಇನ್ನೂ ಎತ್ತರ ಮಾಡಿದ ಮೇಲೂ ಆ ಹಳೆಯ ದಿನ ಬರಲಿಲ್ಲ. ಕೆಲಸ ತಿನ್ನೋದು ಬೆನಿನ್‌ನ ಹೆಂಗಸು ಅಲ್ಲ. ಕಟ್ಟಿಂಗ್‌ಗೆ ಯಂತ್ರ ಬಂತು, ಪೀಲಿಂಗ್‌ಗೆ ಬಂತು, ಗ್ರೇಡಿಂಗ್‌ಗೆ ಕ್ಯಾಮೆರಾ ಬಂತು. ನಿಮ್ಮ ಶೆಡ್ಡಲ್ಲೇ ಎಷ್ಟು ಜನ ಇದ್ರು, ಈಗ ಎಷ್ಟು ಜನ ಇದ್ದಾರೆ, ನೀವೇ ಎಣಿಸಿ.

ಅವರು ಎಣಿಸಿದರು. ಸಂಖ್ಯೆ ಇಲ್ಲಿ ಹಾಕಲ್ಲ, ಎಲ್ಲಿ ಅಂತ ಗೊತ್ತಾಗ್ತದೆ.

ಆ ಗೋಡೆಯ ಲಾಭದಲ್ಲಿ ಎಷ್ಟು ಪಾಲು ಕೂಲಿಗೆ ಬಂತು ಅಂತ ಯಾರಾದರೂ ಕೇಳಿದ್ದಾರಾ? ಕೆಲಸ ಉಳಿಸುವ ಅಂತ ಸುಂಕ ಹಾಕುವುದಾದರೆ, ಸುಂಕದ ಜೊತೆಗೆ ಕೆಲಸದ ಲೆಕ್ಕ ಕೇಳಬೇಕು. ಕೇಳಲ್ಲ. ಅಕ್ಕನ ಹೆಸರು ಹೇಳಿ ಗೋಡೆ ಕಟ್ಟೋದು, ಆಮೇಲೆ ಯಂತ್ರ ತಂದು ಅಕ್ಕನನ್ನೇ ಹೊರಗೆ ಕಳಿಸೋದು. ಇದಕ್ಕೆ ಯಾರೂ ಮೋಸ ಅನ್ನಲ್ಲ ನೋಡಿ.

ಭಾಗ 8/8

"ಬೈದದ್ದು ಸಾಕು, ಏನು ಮಾಡಬೇಕು ಹೇಳು" ಅಂತ ಮೂರನೇ ಭಾಗದಲ್ಲೇ ಒಬ್ಬ ಕಮೆಂಟ್ ಹಾಕಿದ್ದ. ಸರಿ.

ಗೋಡೆಯನ್ನು ಒಂದೇ ದಿನ ಕೆಡವಿ ಅಂತ ನಾನು ಹೇಳಲ್ಲ. ಮೆಟ್ಟಿಲು ಮಾಡಿ ಅಂತೇನೆ. ಒಡೆದು, ಒಣಗಿಸಿ, ಆದರೆ ಒಳಸಿಪ್ಪೆ ತೆಗೆಯದ ತಿರುಳು ಅಂತ ಒಂದು ಹಂತ ಉಂಟು. ಆಫ್ರಿಕಾದಲ್ಲಿ ಒಡೆಯುವ ಕೆಲಸ ಆಗಲಿ, ಸಿಪ್ಪೆ ತೆಗೆಯೋದು, ಗ್ರೇಡಿಂಗ್, ಹುರಿಯೋದು, ಪ್ಯಾಕಿಂಗ್ ಇಲ್ಲಿ ಆಗಲಿ. ಆ ಹಂತದ ಮಾಲಿಗೆ ಆಫ್ರಿಕಾದ ಎಲ್ಲ ದೇಶಗಳಿಗೂ ಸುಂಕ ಶೇ 2.5ರ ಹತ್ತಿರಕ್ಕೆ ಇಳಿಸಿ, ಪೂರ್ತಿ ತಯಾರಾದ ಗೋಡಂಬಿಗೆ ವರ್ಷ ವರ್ಷ ಸ್ವಲ್ಪ ಸ್ವಲ್ಪ. ಹಡಗಿನಲ್ಲಿ ಚಿಪ್ಪು ಹೊರೋದು ತಪ್ತದೆ. ಕಪ್ಪು ಕೈ ಮಾಡುವ ಕೆಲಸ ಬೆನಿನ್‌ಗೆ ದಾಟಿಸ್ತೀಯಾ ಅಂತ ಕೇಳಬೇಡಿ. ಈಗ ಅದಕ್ಕೆ ಹಬೆಯಲ್ಲಿ ಬೇಯಿಸಿ ಯಂತ್ರದಲ್ಲಿ ಒಡೆಯುವ ಕ್ರಮ ಉಂಟು, ಆ ಯಂತ್ರ ಮಾಡುವವರು ನಮ್ಮ ದೇಶದಲ್ಲೇ ಇದ್ದಾರೆ. ಮಾರಲಿ. ರಿಪೇರಿ ಕಲಿಸಲಿಕ್ಕೆ ನಮ್ಮ ಐಟಿಐ ಹುಡುಗರು ಹೋಗಲಿ.

ಪುತ್ತೂರಿನಲ್ಲಿ ಕೇಂದ್ರ ಸರ್ಕಾರದ ಗೇರು ಸಂಶೋಧನಾ ನಿರ್ದೇಶನಾಲಯ ಉಂಟು, ನಮ್ಮಲ್ಲಿ ಅರ್ಧ ಜನ ಅದರ ಬೋರ್ಡ್ ನೋಡಿ ಬಸ್ಸಲ್ಲಿ ಮುಂದೆ ಹೋಗ್ತೇವೆ. ಕಸಿ, ತಳಿ, ಕೀಟ ಎಲ್ಲದರಲ್ಲೂ ಅವರಿಗೆ ಅನುಭವ ಉಂಟು. ಪಶ್ಚಿಮ ಆಫ್ರಿಕಾದ ಹಳೆಯ ತೋಟಗಳಿಗೆ ಬೇಕಾದ್ದು ಅದೇ. ಅಲ್ಲಿ ಇಳುವರಿ ಹೆಚ್ಚಾದರೆ ಅವರ ಕಾರ್ಖಾನೆಗೂ ಸಾಕು, ನಮ್ಮದಕ್ಕೂ ಬೀಜ ಮಿಗ್ತದೆ.

ಇದೆಲ್ಲ ದಾನ ಅಲ್ಲ, ಗಮನಿಸಿ. ಜಗತ್ತಿನಲ್ಲಿ ಅತಿ ಹೆಚ್ಚು ಗೋಡಂಬಿ ತಿನ್ನೋದು ನಾವೇ. ಪಾಯಸಕ್ಕೆ, ಕಾಜು ಕತ್ಲಿಗೆ, ಮದುವೆ ಗಸಿಗೆ. ಆ ಮಾರುಕಟ್ಟೆ ನಮ್ಮ ಕೈಯಲ್ಲಿರುವ ದೊಡ್ಡ ಚೀಟಿ. ಆಫ್ರಿಕಾದ 54 ದೇಶಗಳು ತಮ್ಮೊಳಗೆ ಮುಕ್ತ ವ್ಯಾಪಾರ ವಲಯಕ್ಕೆ ಸಹಿ ಹಾಕಿವೆ, 2021ರ ಜನವರಿಯಿಂದ ಅದು ಶುರುವೂ ಆಗಿದೆ. ನಾಳೆ ಅವರು ಒಟ್ಟಾಗಿ ಚೌಕಾಶಿಗೆ ಕೂತಾಗ, ಮೊದಲು ಬಾಗಿಲು ತೆರೆದವರು ಯಾರು ಅಂತ ನೆನಪಿಟ್ಟುಕೊಳ್ಳದೆ ಇರ್ತಾರಾ?

ಬೇರೆ ಏನೂ ಆಗದಿದ್ದರೂ ಒಂದು ಕೆಲಸ ನಾವು ಮಾಡಬಹುದು. ಅಂಗಡಿಯಲ್ಲಿ ಗೋಡಂಬಿ ಪ್ಯಾಕೆಟ್ ತಿರುಗಿಸಿ ನೋಡಿ. ಬೀಜ ಬೆಳೆದ ದೇಶ ಯಾವುದು ಅಂತ ಬರೆದಿದೆಯಾ? ನಿನ್ನೆ ನಾನು ಹಂಪನಕಟ್ಟೆಯಲ್ಲಿ ಹನ್ನೊಂದು ಪ್ಯಾಕೆಟ್ ತಿರುಗಿಸಿದೆ, ಅಂಗಡಿಯವರು "ಎಂತ ಹುಡುಕ್ತೀರಿ?" ಅಂತ ಎರಡು ಸಲ ಕೇಳಿದ್ರು. ಒಂದರಲ್ಲೂ ಇರಲಿಲ್ಲ. ನಿಮಗೆ ಎಲ್ಲಾದರೂ ಬೆನಿನ್ ಅಂತ, ತಾಂಜಾನಿಯಾ ಅಂತ ಬರೆದ ಪ್ಯಾಕೆಟ್ ಸಿಕ್ಕಿದರೆ ಫೋಟೋ ತೆಗೆದು ಕಳಿಸಿ, ಸ್ಟೋರಿಯಲ್ಲಿ ಹಾಕ್ತೇನೆ. ಅಕ್ಕನಿಗೂ ತೋರಿಸಬೇಕು.

#ಗೇರುಬೀಜ #ಬೆನಿನ್ #ಮೊಜಾಂಬಿಕ್ #ಮಂಗಳೂರು